ಅತ್ತಿಗೆಗೆ: ಫಿಸಿಕ್ಸ್ ಎಲ್ಲಿಂದ ಶುರು ಮಾಡೋದು

ಹಾಂ ಅತ್ತಿಗೆ, ದನಿ ಕೇಳಸ್ತದಲ್ಲಾ? ಠಾಣೆ ಸ್ಟೇಷನ್ನಿನ ಪುಲ್ ಮ್ಯಾಲೆ ನಿಂತೀನಿ, ಗದ್ಲ ಭಾಳ ಅದ. ಇಷ್ಟೆಲ್ಲಾ ಟೈಪ್ ಮಾಡ್ಲಿಕ್ಕೆ ಆಗೂದಿಲ್ಲ, ಅದಕ್ಕ ಮಾತಾಡೇ ಕಳಸ್ಲಿಕತ್ತೀನಿ. ಉದ್ದ ಆಗ್ತದ, ಅಡಿಗಿ ಮಾಡ್ಕೋತ ಕೇಳ್ರಿ.

ನೀವು ನಿನ್ನೆ ಗ್ರೂಪಿನ್ಯಾಗ ಕೇಳಿದ್ರಿ, ಬಿಕಾಂ ಓದಿದಾಕಿ ನಾನು, ಹತ್ತನೇತ್ತಾ ಆದ ಮ್ಯಾಲೆ ಸೈನ್ಸ್ ಕಡೆ ತಿರುಗಿ ನೋಡಿಲ್ಲ, ಈಗ ಡೊಂಬಿವಲಿ ಮನ್ಯಾಗ ಕೂತು ಫಿಸಿಕ್ಸ್ ಕಲೀಬೇಕು, ಕ್ವಾಂಟಮ್, ಅಂದ್ರ ಪರಮಾಣುವಿನಂಥಾ ಸಣ್ಣ ವಸ್ತುಗಳ ಫಿಸಿಕ್ಸ್, ಅಲ್ಲಿ ತನಕಾ ಹೋಗಬೇಕು, ಆಗ್ತದೇನು ಅಂತ. ಅದಕ್ಕ ಕಾಕಾ, ಮೊದಲ ಎರಡು ವರ್ಷ ಗಣಿತ ಪೂರಾ ಮುಗಸು, ಆಮ್ಯಾಲೆ ಫಿಸಿಕ್ಸ್ ಮುಟ್ಟು ಅಂದ್ರು. ಪುಣೆ ಹುಡುಗ ಸಾಲಾಗಿ ವಿಡಿಯೋ ಲಿಂಕ್ ಒಗದ. ನಂಗ ಇಬ್ಬರದೂ ಒಪ್ಪಿಗಿ ಇಲ್ಲ. ಕಾಕಾ, ಸಿಟ್ಟಾಗಬ್ಯಾಡ್ರಿ.

ಗಣಿತ ಮುಗಿಯೋ ವಸ್ತು ಅಲ್ರಿ. ಫಿಸಿಕ್ಸ್ ಕೇಳಿದಾಗ ಕೇಳಿದಷ್ಟು ಕಲೀಬೇಕು. ನ್ಯೂಟನ್ ಸುದ್ದಾ ಚಲನೆ ಲೆಕ್ಕಾ ಹಾಕ್ಲಿಕ್ಕೆ ಬೇಕು ಅಂತನ ಕ್ಯಾಲ್ಕ್ಯುಲಸ್, ಅಂದ್ರ ಬದಲಾವಣಿ ಲೆಕ್ಕಾ ಹಾಕೋ ಗಣಿತ, ಕಟ್ಟಿದ, ಮೊದಲ ಕಲ್ತು ಕೂತಿರಲಿಲ್ಲ. ಎರಡು ವರ್ಷ ಬರೇ ಸೂತ್ರಾ ತೀಡ್ಕೋತ ಕೂತ್ರ ಮೂರನೇ ತಿಂಗಳಿಗೆ ಪುಸ್ತಕ ಅಟ್ಟದ ಮ್ಯಾಲೆ ಹೋಗ್ತದ. ಇನ್ನ ವಿಡಿಯೋ. ನೋಡೂ ಮುಂದ ಎಲ್ಲಾ ತಿಳೀತು ಅನ್ನಿಸ್ತದ. ಬಂದ್ ಮಾಡಿ ಅದೇ ಲೆಕ್ಕಾ ಕಾಗದದ ಮ್ಯಾಲೆ ಬಿಡಿಸ್ಲಿಕ್ಕೆ ಹೋಗ್ರಿ, ಎರಡನೇ ಸಾಲಿಗೇ ಪೆನ್ಸಿಲ್ ನಿಲ್ತದ. ಆ ನಿಂತ ಜಾಗಾನ ನಿಮ್ಮ ಅಭ್ಯಾಸದ ಜಾಗ. ಅಲ್ಲಿ ವಿಡಿಯೋ ನೋಡ್ರಿ, ಬ್ಯಾಡ ಅನ್ನೂದಿಲ್ಲ.

ಈಗ ಶುರು ಎಲ್ಲಿಂದ? ನೀವು ಕಲ್ತಿದ್ದು ಧಾರವಾಡದಾಗ, ಕನ್ನಡ ಮಾಧ್ಯಮ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಾಗ ಒಂಬತ್ತು, ಹತ್ತನೇತ್ತಾದ ಗಣಿತ ಪುಸ್ತಕ ಪುಕಟ ಸಿಗ್ತಾವ. ವರ್ಗ ಸಮೀಕರಣ, ತ್ರಿಕೋನಮಿತಿ, ಇವೆರಡು ಕೈಗೆ ಹತ್ತಿದ್ರ ಸಾಕು, ಲಗೂನ ಮುಂದ ಹೋಗ್ರಿ. ಆಮ್ಯಾಲೆ ಎನ್‌ಸಿಇಆರ್‌ಟಿ ಹನ್ನೊಂದನೇತ್ತಾದ ಫಿಸಿಕ್ಸ್, ಅದೂ ಪುಕಟ. ಚಲನೆ ಪಾಠದಾಗ ವೇಗ ಅಂತ ಬಂದ ಕೂಡ್ಲೇ ಪಕ್ಕಕ್ಕ ಗಣಿತ ಪುಸ್ತಕ ತಗೊಂಡು ಡೆರಿವೇಟಿವ್, ಅಂದ್ರ ಒಂದು ವಸ್ತು ಎಷ್ಟು ಲಗೂ ಬದಲಾಗ್ತದ ಅನ್ನೂದು, ಓದ್ರಿ. ಬಲ ಅಂತ ಬಂದಾಗ ವೆಕ್ಟರ್, ಅಂದ್ರ ಅಳತಿ ಜೊತಿ ದಿಕ್ಕೂ ಇರೋದು. ಲೆಕ್ಕಾ ಬಿಡಿಸ್ಲಿಕ್ಕೆ ಎಚ್.ಸಿ. ವರ್ಮಾ ಪುಸ್ತಕದ ಎರಡು ಭಾಗ ಸಾಕು, ಮಾಟುಂಗಾದಾಗ ಹಳೇ ಪ್ರತಿ ಹುಡುಕೂಣು. ಅಮೆರಿಕಾದ ಫಿಸಿಕ್ಸ್ ವಿಜ್ಞಾನಿ ಫೈನ್‌ಮನ್ 1961ರಿಂದ 1963ರ ತನಕ ಕಾಲ್‌ಟೆಕ್‌ನ್ಯಾಗ ಮಾಡಿದ ಪಾಠಾ ಎಲ್ಲಾ ಅಂತರ್ಜಾಲದಾಗ ಪುಕಟ ಅವ, ಎಲ್ಲಾರೂ ಮೊದಲ ಅದನ್ನೇ ಹೇಳ್ತಾರ. ನಾ ಹೇಳೋದು, ಅದು ಎರಡನೇ ಸಲದ ಓದು. ಭಾಳ ಚಂದ ಅದ, ಆದ್ರ ನಿಮ್ಮ ಕೈಲೇ ಲೆಕ್ಕಾ ಮಾಡಸೂದಿಲ್ಲ.

ನಿಮಗ ಒಂದು ಲಾಭ ಅದ ನೋಡ್ರಿ, ಬ್ಯಾರೆಯವರಿಗೆ ಇಲ್ಲದ್ದು. ನಿಮಗ ಚಕ್ರಬಡ್ಡಿ ಗೊತ್ತು! ವರ್ಷಕ್ಕ ನೂರಕ್ಕ ನೂರು ಬಡ್ಡಿ ಅಂತ ಹಿಡೀರಿ. ಇಂಥಾ ಬ್ಯಾಂಕು ಇದ್ರ ನಂಗೂ ಹೇಳ್ರಿ. ಒಂದು ರೂಪಾಯಿ ಇಟ್ರಿ. ವರ್ಷಕ್ಕೊಮ್ಮೆ ಬಡ್ಡಿ ಕೂಡಿಸಿದ್ರ 2 ರೂಪಾಯಿ. ತಿಂಗಳಿಗೊಮ್ಮೆ ಕೂಡಿಸಿದ್ರ 2.613. ದಿನಾ ಕೂಡಿಸಿದ್ರ 2.7146. ಕ್ಷಣಕ್ಷಣಕ್ಕೂ ಕೂಡಿಸಿದ್ರೂ 2.71828 ದಾಟೂದಿಲ್ಲ. ಆ ಸಂಖ್ಯಾಕ್ಕ ಇ ಅಂತಾರ. ಯಾಕೋಬ್ ಬೆರ್ನೂಲಿ 1683ರಾಗ ಈ ಬಡ್ಡಿ ಲೆಕ್ಕದಾಗನ ಅದರ ಜಾಡು ಹಿಡದ. ಇಲ್ಲಿ ಬಡ್ಡಿ ಬೆಳೆಯೂದು ಎಷ್ಟು ಅಸಲು ಅದನೋ ಅದಕ್ಕ ತಕ್ಕಂಗ, ಹೌದಲ್ಲೋ? ಕಪಾಸಿಟರ್, ಅಂದ್ರ ವಿದ್ಯುತ್ ಚಾರ್ಜ್ ಕೂಡಿಡೋ ಸಾಧನ, ಅದರ ಚಾರ್ಜ್ ಸೋರೋದು, ಯುರೇನಿಯಂ ಕ್ಷಯ ಆಗೋದು, ಎರಡೂ ಅದೇ ನಿಯಮ, ಬರೇ ಬಡ್ಡಿ ಉಲ್ಟಾ. ಎಷ್ಟು ಉಳದದನೋ ಅದಕ್ಕ ತಕ್ಕಂಗ ಕಡಿಮಿ ಆಗ್ತದ. ಇದನ್ನ ಸಮೀಕರಣ ಮಾಡಿ ಬರದ್ರ ಅದೇ ನಿಮ್ಮ ಮೊದಲನೇ ಡಿಫರೆನ್ಷಿಯಲ್ ಸಮೀಕರಣ. ಹೆಸರು ಕೇಳಿ ಅಂಜಬ್ಯಾಡ್ರಿ.

ಎರಡನೇದ್ದು ಒಂದು ಪ್ರಯೋಗ, ಮನ್ಯಾಗನ ಮಾಡ್ರಿ. ಗಟ್ಟಿ ದಾರಕ್ಕ ಒಂದು ನಟ್ಟು ಕಟ್ಟಿ ಬಾಲ್ಕನಿ ಗ್ರಿಲ್‌ಗೆ ತೂಗ ಬಿಡ್ರಿ. ಗಂಟಿನಿಂದ ನಟ್ಟಿನ ನಡುವಿನ ತನಕಾ ಸರಿಯಾಗಿ ಒಂದು ಮೀಟರ್ ಇರ್ಲಿ. ಸ್ವಲ್ಪನ ಸರಿಸಿ ಬಿಟ್ಟು ಇಪ್ಪತ್ತು ತೂಗಾಟಕ್ಕ ಎಷ್ಟು ಸೆಕೆಂಡು ಅಂತ ಮೊಬೈಲಿನ್ಯಾಗ ನೋಡ್ರಿ. 40ರ ಆಸುಪಾಸು ಬರ್ತದ. ಹೋಗಿ ಬರೋದು ಎರಡೂ ಸೇರಿ ಒಂದು ತೂಗಾಟ, ನೆನಪಿರ್ಲಿ. ಒಂದೇ ತೂಗಾಟ ಅಳೀಬ್ಯಾಡ್ರಿ, ಬಟನ್ ಒತ್ತೋ ತಡಾನ ಲೆಕ್ಕಾ ಕೆಡಸ್ತದ. ಇಪ್ಪತ್ತಕ್ಕ ಆ ತಡಾ ಹಂಚಿ ಹೋಗ್ತದ. ಈಗ ನಾಕು, ಪೈ ವರ್ಗ, ಉದ್ದ, ಇವನ್ನ ಗುಣಿಸಿ ಒಂದು ತೂಗಾಟದ ಕಾಲದ ವರ್ಗದಿಂದ ಭಾಗಿಸ್ರಿ. 9.8ರ ಹತ್ರ ಬರ್ತದ. ಭೂಮಿ ಎಳ್ತ ಅಳದ್ರಿ ನೀವು, ಡೊಂಬಿವಲಿದಾಗ ಕೂತು! ನಟ್ಟು ಬದಲಿಸಿ ದೊಡ್ಡದು ಕಟ್ಟಿ ಮತ್ತ ಅಳೀರಿ, ಉದ್ದ ಅದೇ ಇದ್ರ ಕಾಲ ಬದಲಾಗೂದಿಲ್ಲ.

ಆಮ್ಯಾಲೆ 60 ಡಿಗ್ರಿ ತನಕಾ ಎತ್ತಿ ಬಿಡ್ರಿ. ಕಾಲ ಸುಮಾರು ಶೇಕಡಾ 7ರಷ್ಟು ಹೆಚ್ಚಾಗಬೇಕು. ತೂಗಾಟ ಲಗೂ ಸಣ್ಣದಾಗ್ತದ, ಅದಕ್ಕ ಮೊದಲಿನ ಎರಡು ಮೂರರಾಗ ನೋಡ್ರಿ. ಯಾಕ ಹೆಚ್ಚಾಗ್ತದ? ಆ ಸೂತ್ರ ಕಟ್ಟೋ ಮುಂದ ಸಣ್ಣ ಕೋನಕ್ಕ ಸೈನ್ ಅಂದ್ರ ಕೋನಾನ ಅಂತ ಒಪ್ಕೊಂಡಿರ್ತಾರ, ರೇಡಿಯನ್‌ದಾಗ, ಅದು ಡಿಗ್ರಿಯಂಗ ಕೋನ ಅಳಿಯೋ ಇನ್ನೊಂದು ಮಾನ. 10 ಡಿಗ್ರಿಗೆ ಕೋನ 0.1745, ಸೈನ್ 0.1736, ನಡದೀತು. 60ಕ್ಕ ಕೋನ 1.047, ಸೈನ್ 0.866, ಇದು ಹೆಂಗ ನಡೀಬೇಕು? ಟೇಲರ್ ಸರಣಿ ಅಂತ ಒಂದು ಗಣಿತ ಅದ, ಸೈನ್‌ನಂಥಾವನ್ನ ಸಾದಾ ಘಾತಗಳ ಮೊತ್ತ ಮಾಡಿ ಬರಿಯೋದು, ಅದು ಯಾಕ ಬೇಕು ಅಂತ ಆ ಹೊತ್ತಿಗೆ ನಿಮಗನ ಅನ್ನಿಸ್ತದ. ಕಾಕಾ, ನಾ ಹೇಳಿದ್ದು ಇದನ್ನ. ಇನ್ನ ಕ್ವಾಂಟಮ್ ಅಂದ್ರಿ, ಅಲ್ಲಿ ಮೊದಮೊದಲಿಗೆ ಬಿಡಿಸೋ ಲೆಕ್ಕಾದಾಗ ಈ ತೂಗಾಟಾನ ಹೊಸಾ ವೇಷದಾಗ ಬರ್ತದ. ಅದಕ್ಕ ಮೊದಲ ಸಂಕೀರ್ಣ ಸಂಖ್ಯೆ, ಮ್ಯಾಟ್ರಿಕ್ಸ್, ಅಲೆಗಳ ಪಾಠ ಆಗಿರಬೇಕು. ದೂರ ಅದ ಅದು, ಈಗ ಬಿಡ್ರಿ.

ಒಬ್ಬಾಕಿನ ಕೂತು ಬ್ಯಾಸರ ಬಂದ್ರ ಊರಾಗನ ಜಾಗಾ ಅವ. ವರಳಿದಾಗ ನೆಹರೂ ಸೈನ್ಸ್ ಸೆಂಟರ್. ಟಿಐಎಫ್‌ಆರ್, ಅಂದ್ರ ಮುಂಬೈದ ಟಾಟಾ ಸಂಶೋಧನಾ ಸಂಸ್ಥೆಯವರು ಚಾಯ್ ಆ್ಯಂಡ್ ವೈ ಅಂತ ರವಿವಾರ ಮುಂಜಾನೆ ಸಾಮಾನ್ಯ ಜನರ ಸಲುವಾಗಿ ಮಾತುಕತಿ ನಡಸ್ತಾ ಬಂದಾರ, ಜುಹೂದಾಗ, ಮಾಟುಂಗಾದಾಗ. ಹೋಗೂಕಿಂತ ಮೊದಲ ದಿನಾ, ಜಾಗಾ ನೋಡ್ಕೊಳ್ರಿ. ಮಾನ್‌ಖುರ್ದ್‌ದಾಗ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಒಲಿಂಪಿಯಾಡ್, ಅಂದ್ರ ಶಾಲಿ ಹುಡುಗರ ವಿಜ್ಞಾನ ಸ್ಪರ್ಧಾದ, ಪ್ರಶ್ನೆಪತ್ರಿಕಿ ಉತ್ತರಾ ಸಮೇತ ಜಾಲತಾಣದಾಗ ಹಾಕ್ತಾರ. ಅವು ಬಿರಸು ಅವ, ವರ್ಷ ಆದ ಮ್ಯಾಲೆ ಮುಟ್ರಿ.

ಆ ಆನ್‌ಲೈನ್ ಜೆಇಇ ಕ್ಲಾಸಿಗೆ ರೊಕ್ಕಾ ಕಟ್ಟಲೇನು ಅಂತ ಕೇಳಿದ್ರಿ. ಬ್ಯಾಡ. ಅವರು ಓಡಸೋದು ಪರೀಕ್ಷಾ ಗಡಿಯಾರ ನೋಡಿ, ನಿಮಗೇನು ಪರೀಕ್ಷಾ ಇಲ್ಲಲ್ಲಾ. ನನ್ನ ಗಾಡಿ ಬಂತು, ಸ್ಲೋ ಲೋಕಲ್. ಲೆಕ್ಕಾ ಎಲ್ಲಿ ನಿಂತ್ರೂ ಕಾಗದದ ಫೋಟೋ ಹಾಕ್ರಿ, ಪೂರಾ ಕಾಗದ, ಕಾಟು ಹೊಡದದ್ದೂ ಕಾಣಬೇಕು. ರಾತ್ರಿ ಊಟಾ ಆದ ಮ್ಯಾಲೆ ನೋಡಿ ಹೇಳ್ತೀನಿ.