ಪೋರ್ಚುಗೀಸ್ ಪಾಸ್‌ಪೋರ್ಟ್, ಸೆಟಲ್ಡ್ ಸ್ಟೇಟಸ್, ಮುಂದೆ ಬ್ರಿಟಿಷ್ ಪೌರತ್ವ: ದಿನಗಳ ಲೆಕ್ಕ ಹೇಗೆ ಹಾಕಿದಿರಿ?

ಸ್ವಿಂಡನ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು. ನಮ್ಮವರು ಗೋವಾದ ಕಾಣಕೋಣದವರು. ನಮ್ಮ ಮಾವ 1961ಕ್ಕೆ ಮುಂಚೆ, ಪೋರ್ಚುಗೀಸರ ಆಳ್ವಿಕೆಯಲ್ಲಿ ಅಲ್ಲಿ ಹುಟ್ಟಿದವರು. ಹಾಗಾಗಿ ನಮ್ಮವರಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆ. ನನ್ನದು ಭಾರತದ್ದೇ. 2018ರಲ್ಲಿ ಇಲ್ಲಿಗೆ, ಬ್ರಿಟನ್ನಿಗೆ ಬಂದೆವು. ಅವರಿಗೆ 2023ರಲ್ಲಿ ಸೆಟಲ್ಡ್ ಸ್ಟೇಟಸ್ (ಬ್ರೆಕ್ಸಿಟ್ ಆದ ಮೇಲೂ ಯುರೋಪಿನವರು, ಅವರ ಮನೆಯವರು ಇಲ್ಲಿ ಕಾಯಂ ಆಗಿ ಇರಲು ಕೊಡುವ ಅನುಮತಿ) ಸಿಕ್ಕಿತು, ನನಗೆ ಕಳೆದ ಸೆಪ್ಟೆಂಬರ್‌ನಲ್ಲಿ.

ಇಬ್ಬರೂ ಈ ಜೂನ್‌ನಲ್ಲೇ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕೋಣ ಅಂತ ನಮ್ಮವರ ಆಸೆ. ಆದರೆ ನನಗೆ ಧೈರ್ಯ ಬರುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಊರಲ್ಲೇ ಉಳಿದಿದ್ದೆವು. 2021ರಲ್ಲಿ ಮಾವ ತೀರಿಕೊಂಡಾಗ ಏಪ್ರಿಲ್‌ನಲ್ಲಿ ಹೋದವರು ಬಂದದ್ದು ಆಗಸ್ಟ್‌ನಲ್ಲಿ. ಕಳೆದ ಚಳಿಗಾಲದಲ್ಲಿ ಅಮ್ಮನಿಗೆ ಆಪರೇಷನ್ ಆಯಿತು, ನಾನೊಬ್ಬಳೇ ಹೋಗಿ ಮೂರು ತಿಂಗಳಿಗೂ ಜಾಸ್ತಿ ಇದ್ದು ಬಂದೆ. ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಇಲ್ಲಿನ ಒಂದು ಮುದ್ರೆಯೂ ಇಲ್ಲ. ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ.

ಲೆಸ್ಟರ್‌ನಿಂದ

ಅಕ್ಕ, ಮೊದಲು ಒಂದು ಮಾತು: ಜೂನ್‌ನಲ್ಲಿ ಹಾಕಬೇಡಿ. ಇಬ್ಬರೂ.

ನಮ್ಮ ಲೆಸ್ಟರ್‌ನಲ್ಲಿ ದಮನ್, ದಿಯು ಕಡೆಯಿಂದ ಪೋರ್ಚುಗೀಸ್ ಪಾಸ್‌ಪೋರ್ಟಿನಲ್ಲಿ ಬಂದವರು ತುಂಬಾ ಜನ ಇದ್ದಾರೆ. ಫಾರ್ಮ್ ತುಂಬಲು ಸಹಾಯ ಮಾಡುತ್ತಾ ಬಂದಿದ್ದೇನೆ, ಅದರಿಂದ ಹೇಳುತ್ತಿದ್ದೇನೆ. ವರ್ಷ ಪೂರ್ತಿ ಆಯಿತಲ್ಲ ಅಂತ ಜನ ಅರ್ಜಿ ಒತ್ತಿಬಿಡುತ್ತಾರೆ. ಆದರೆ ಇಲ್ಲಿ ವರ್ಷಕ್ಕಿಂತ ಅರ್ಜಿಯ ದಿನಾಂಕ ಮುಖ್ಯ. ಆ ದಿನಾಂಕವನ್ನು ಆರಿಸುವುದು ನಿಮ್ಮ ಕೈಲಿದೆ.

ನಿಯಮ 1981ರ ಪೌರತ್ವ ಕಾಯ್ದೆಯದು. ಅರ್ಜಿ ತಲುಪಿದ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸುತ್ತಾರೆ. ಆ ಐದು ವರ್ಷದಲ್ಲಿ ದೇಶದ ಹೊರಗೆ ಇದ್ದದ್ದು 450 ದಿನ ಮೀರಬಾರದು. ಕೊನೆಯ 12 ತಿಂಗಳಲ್ಲಿ 90 ದಿನ ಮೀರಬಾರದು. ಸೆಟಲ್ಡ್ ಸ್ಟೇಟಸ್ ಬಂದು 12 ತಿಂಗಳು ಆಗಿರಬೇಕು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಜನ ಮರೆಯುವುದು ಇನ್ನೊಂದನ್ನು: ಆ ಐದು ವರ್ಷದ ಮೊದಲ ದಿನ ನೀವು ಈ ದೇಶದ ನೆಲದ ಮೇಲೆ ಇರಲೇಬೇಕು. ಉದಾಹರಣೆಗೆ 2026ರ ಜೂನ್ 15ಕ್ಕೆ ಅರ್ಜಿ ಹಾಕಿದರೆ, 2021ರ ಜೂನ್ 16ರಂದು ನೀವು ಇಲ್ಲಿ ಇದ್ದಿರಬೇಕು. ಆ ದಿನ ನೀವಿಬ್ಬರೂ ಊರಲ್ಲಿದ್ದಿರಿ. ಉಳಿದದ್ದೆಲ್ಲ ಸರಿಯಿದ್ದರೂ ಅರ್ಜಿ ಅಲ್ಲೇ ನಿಲ್ಲುತ್ತದೆ.

2021ರ ಏಪ್ರಿಲ್ 23ಕ್ಕೆ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಹಾಕಿತು, ತೆಗೆದದ್ದು ಆಗಸ್ಟ್ 8ಕ್ಕೆ. ನಡುವೆ ಬಂದರೆ ಹತ್ತು ದಿನ ಹೋಟೆಲ್ ಕ್ವಾರಂಟೈನ್, ಅದೂ ನಮ್ಮದೇ ಖರ್ಚಿನಲ್ಲಿ. ಹಾಗಾಗಿ ನಮ್ಮವರು ಎಷ್ಟೋ ಜನ ಆ ತಿಂಗಳುಗಳನ್ನು ಊರಲ್ಲೇ ಕಳೆದರು. ಈ ವರ್ಷ ಅದೇ ತಿಂಗಳುಗಳಲ್ಲಿ ಅರ್ಜಿ ಹಾಕಲು ಹೊರಟವರೆಲ್ಲ ಇದನ್ನು ನೋಡಿಕೊಳ್ಳಬೇಕು. ಮೊದಲ ದಿನದ ವಿಷಯದಲ್ಲಿ ವಿನಾಯಿತಿ ಕೊಡುವ ಅಧಿಕಾರ 2022ರ ಕಾನೂನಿನಿಂದ ಹೋಮ್ ಆಫೀಸಿಗೆ (ಇಲ್ಲಿನ ಗೃಹ ಇಲಾಖೆ) ಬಂದಿದೆ ನಿಜ. ಆದರೆ ಅದು ವಿಶೇಷ ಸಂದರ್ಭಕ್ಕೆ. ಎರಡು ಮೂರು ತಿಂಗಳು ಕಾದರೆ ತಾನಾಗಿಯೇ ಸರಿಹೋಗುವ ವಿಷಯಕ್ಕೆ ಯಾರ ವಿನಾಯಿತಿ ಯಾಕೆ ಕೇಳಬೇಕು, ಅಲ್ವಾ?

ನಿಮ್ಮವರು ಸೆಪ್ಟೆಂಬರ್‌ನಲ್ಲಿ ಹಾಕಲಿ. ಆಗ ಮೊದಲ ದಿನ 2021ರ ಸೆಪ್ಟೆಂಬರ್‌ಗೆ ಬರುತ್ತದೆ, ಅಷ್ಟರಲ್ಲಿ ನೀವು ವಾಪಸ್ ಬಂದಾಗಿತ್ತು. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಆ ದಿನಗಳು 450ರ ಲೆಕ್ಕದಿಂದಲೂ ಹೊರಗೆ ಬೀಳುತ್ತವೆ. ಇನ್ನು 2020ರದ್ದು ಯೋಚನೆಯೇ ಬೇಡ. ಅದು ಐದು ವರ್ಷದ ಆಚೆ ಹೋಯಿತು.

ಹೌನ್ಸ್ಲೋದಿಂದ

ಲೆಸ್ಟರ್‌ನವರು ಹೇಳಿದ್ದು ಸರಿ. ಎಣಿಸುವ ಕ್ರಮದ ಬಗ್ಗೆ ನಾನು ಸೇರಿಸುತ್ತೇನೆ.

ಪೂರ್ತಿ ದಿನ ಹೊರಗಿದ್ದರೆ ಮಾತ್ರ ಲೆಕ್ಕ. ಹೊರಟ ದಿನವೂ ಬಂದಿಳಿದ ದಿನವೂ ಲೆಕ್ಕಕ್ಕಿಲ್ಲ. ಮಾರ್ಚ್ 3ಕ್ಕೆ ಹೊರಟು ಮಾರ್ಚ್ 20ಕ್ಕೆ ಬಂದರೆ 16 ದಿನ. ಬೆಳಿಗ್ಗೆ ಕಾರಿನಲ್ಲಿ ಫ್ರಾನ್ಸಿನ ಕ್ಯಾಲೆಗೆ ಹೋಗಿ ರಾತ್ರಿ ಬಂದರೆ ಸೊನ್ನೆ. ಆದರೆ ಡಬ್ಲಿನ್‌ಗೆ ಹೋದದ್ದನ್ನು ಬರೆಯಲೇಬೇಕು. ಪಾಸ್‌ಪೋರ್ಟ್ ಯಾರೂ ಸರಿಯಾಗಿ ನೋಡದಿದ್ದರೂ ಐರ್ಲೆಂಡ್ ಬೇರೆ ದೇಶವೇ. ಜೆರ್ಸಿ, ಗರ್ನ್ಸಿ, ಐಲ್ ಆಫ್ ಮ್ಯಾನ್‌ಗೆ ಹೋಗಿದ್ದರೆ ಅದು ದೇಶದ ಒಳಗೇ ಇದ್ದ ಹಾಗೆ.

ಮುದ್ರೆ ಇಲ್ಲದ ಸಮಸ್ಯೆ ಯುರೋಪಿನ ಪಾಸ್‌ಪೋರ್ಟಿನವರಿಗೆಲ್ಲ ಇದೆ. ಬ್ರೆಕ್ಸಿಟ್‌ಗೆ ಮುಂಚೆ ಎಷ್ಟೋ ಜನ ಬರೀ ಗುರುತಿನ ಚೀಟಿ ತೋರಿಸಿ ಓಡಾಡಿದವರು. ನಮ್ಮಂಥವರಿಗೆ ಒಂದು ಅನುಕೂಲ ಇದೆ. ಊರಿಗೆ ಹೋದಾಗ ಭಾರತದ ಇಮಿಗ್ರೇಷನ್‌ನವರು ಸಾಮಾನ್ಯವಾಗಿ ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಮುದ್ರೆ ಒತ್ತುತ್ತಾರೆ. ಗೋವಾದ ದಾಬೋಳಿ ಅಥವಾ ಮುಂಬೈ ವಿಮಾನ ನಿಲ್ದಾಣದ ಮುದ್ರೆ ಹುಡುಕಿ. ಹಳೆಯ ಪಾಸ್‌ಪೋರ್ಟ್ ಬಿಸಾಡಬೇಡಿ.

ಲಿಸ್ಬನ್, ಪ್ಯಾರಿಸ್ ಕಡೆ ಹೋದದ್ದಕ್ಕೆ ಇಮೇಲ್ ತೆರೆದು ವಿಮಾನದ ಟಿಕೆಟ್ ಹುಡುಕಿ. ಟಿಕೆಟ್ ತಗೊಂಡು ಹೋಗದೇ ಇದ್ದದ್ದೂ ಇರುತ್ತದೆ, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ನೋಡಿ. ಆ ದಿನ ಸ್ವಿಂಡನ್ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ್ದರೆ ನೀವು ಇಲ್ಲೇ ಇದ್ದಿರಿ. ಫೋನಿನ ಫೋಟೋಗಳ ತಾರೀಖು, ಕೆಲಸದ ಜಾಗದ ರಜೆಯ ದಾಖಲೆ ಕೂಡ ನೆರವಾಗುತ್ತವೆ. ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ. ಫಾರ್ಮ್‌ನಲ್ಲಿ ಪ್ರತಿ ಪ್ರಯಾಣವನ್ನೂ ಕೇಳುತ್ತಾರೆ.

ಇಲ್ಲಿ ವಾಸ ಇದ್ದದ್ದಕ್ಕೆ ಪ್ರತಿ ವರ್ಷದ ಪಿ60 (ಕೆಲಸದವರು ಕೊಡುವ ಸಂಬಳ, ತೆರಿಗೆಯ ಪತ್ರ) ಇಟ್ಟುಕೊಳ್ಳಿ. ಅದು ಕಳೆದಿದ್ದರೆ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲಿ ಕೆಲಸದ ಇತಿಹಾಸ ಸಿಗುತ್ತದೆ.

ರೆಡಿಂಗ್‌ನಿಂದ

ಅಕ್ಕ, ನಿಮ್ಮ ಸ್ವಂತ ಅರ್ಜಿಯ ಬಗ್ಗೆ ಹೇಳುತ್ತೇನೆ. ನನ್ನ ಹೆಂಡತಿಯದ್ದೂ ಹೆಚ್ಚುಕಡಿಮೆ ಇದೇ ಸ್ಥಿತಿ ಇತ್ತು. ಅವಳ ತಂದೆಗೆ ಹುಷಾರಿಲ್ಲದೆ ಧಾರವಾಡದಲ್ಲಿ ತುಂಬಾ ದಿನ ಇರಬೇಕಾಯಿತು.

ನಿಮಗೆ ಇನ್ನೊಂದು ದಾರಿಯೂ ಇದೆ. ನಿಮ್ಮವರು ಮೊದಲು ಬ್ರಿಟಿಷ್ ಆಗಲಿ. ಅವರ ಪೌರತ್ವ ಸಮಾರಂಭ (ಪ್ರಮಾಣ ಮಾಡಿ ಸರ್ಟಿಫಿಕೇಟ್ ಪಡೆಯುವುದು) ಮುಗಿದ ಮೇಲೆ ನೀವು ಬ್ರಿಟಿಷ್ ಪ್ರಜೆಯ ಪತ್ನಿಯಾಗಿ ಹಾಕಬಹುದು. ಆಗ ಐದರ ಬದಲು ಮೂರೇ ವರ್ಷ ಎಣಿಸುತ್ತಾರೆ, ಹೊರಗಿನ ದಿನ 270ರವರೆಗೆ ಇರಬಹುದು, ಸೆಟಲ್ಡ್ ಸ್ಟೇಟಸ್ ಅರ್ಜಿಯ ದಿನ ಕೈಲಿದ್ದರೆ ಸಾಕು. ಮುಂದೆಯೂ ಇಲ್ಲೇ ನೆಲೆಸುವ ಉದ್ದೇಶ ಇರಬೇಕೆಂಬ ಷರತ್ತು ಐದು ವರ್ಷದ ದಾರಿಯಲ್ಲಿದೆ, ಇದರಲ್ಲಿ ಇಲ್ಲ. ವಯಸ್ಸಾದ ತಂದೆತಾಯಿ ಊರಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಕೊನೆಯ ವರ್ಷದ 90 ದಿನ ಎರಡೂ ದಾರಿಯಲ್ಲಿದೆ. 100ರವರೆಗೆ ಹೋಗಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಅದಕ್ಕೂ ಜಾಸ್ತಿಯಾದರೆ ಮನೆ, ಸಂಸಾರ, ಆಸ್ತಿಯ ಹೆಚ್ಚಿನ ಪಾಲು ಇಲ್ಲೇ ಇದೆ ಅಂತ ತೋರಿಸಿ ಕೇಳಿಕೊಳ್ಳಬೇಕು. ಕೊಡುವುದು ಬಿಡುವುದು ಅವರ ವಿವೇಚನೆ. ಅರ್ಜಿ ಶುಲ್ಕ 2025ರ ಏಪ್ರಿಲ್‌ನಲ್ಲಿ 1,605 ಪೌಂಡಿಗೆ ಏರಿತ್ತು, ಸಮಾರಂಭದ 130 ಬೇರೆ. ಅರ್ಜಿ ತಿರಸ್ಕಾರವಾದರೆ ಆ 130 ವಾಪಸ್ ಬರುತ್ತದೆ, ದೊಡ್ಡ ಮೊತ್ತ ಬರುವುದಿಲ್ಲ. ಅಷ್ಟು ದುಡ್ಡನ್ನು ಬೇರೆಯವರ ವಿವೇಚನೆಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಚಳಿಗಾಲದ ದಿನಗಳೆಲ್ಲ ಪೂರ್ತಿ ಕಳೆಯಬೇಕು ಅಂತೇನೂ ಇಲ್ಲ. ದಿನ ಹೋದ ಹಾಗೆ ಹಿಂದಿನ ಒಂದೊಂದು ದಿನವೂ 12 ತಿಂಗಳಿಂದ ಜಾರುತ್ತದೆ. ಉಳಿದದ್ದು 90ಕ್ಕೆ ಇಳಿದ ದಿನ ನೀವು ಅರ್ಹರು. ನಾವು ಅಂಚಿನಲ್ಲಿ ಹಾಕಲಿಲ್ಲ, ಇನ್ನೂ ಎರಡು ವಾರ ಬಿಟ್ಟು ಹಾಕಿದೆವು. ಅಷ್ಟರವರೆಗೆ ಅಮ್ಮನನ್ನು ನೋಡಲು ಹೋಗಲೇಬೇಕಾದರೆ ಹೋಗಿ ಬನ್ನಿ. ಅರ್ಜಿ ಇನ್ನೊಂದು ತಿಂಗಳು ಕಾಯಬಲ್ಲದು.

ಸ್ವಿಂಡನ್‌ನಿಂದ ಮತ್ತೆ

ತುಂಬಾ ಉಪಕಾರ. ಓದಿ ಮನಸ್ಸು ಹಗುರಾಯಿತು. ಇನ್ನೆರಡು ಕೇಳಲೇ? ನಮ್ಮವರು ಒಂದು ವರ್ಷ ಕಾಲೇಜಿಗೆ ಹೋಗಿದ್ದರು. ಆಗ ಖಾಸಗಿ ಆರೋಗ್ಯ ವಿಮೆ ಇರಲಿಲ್ಲ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಾತ್ರ. ಅದಕ್ಕೇ ಪೌರತ್ವ ಸಿಗಲ್ಲ ಅಂತ ಒಬ್ಬರು ಹೆದರಿಸಿದರು. ಇನ್ನೊಂದು, ನನ್ನ ತಂಗಿಯ ಗಂಡನಿಗೆ 60 ತಿಂಗಳಲ್ಲಿ 30 ತಿಂಗಳು ಇದ್ದರೆ ಸಾಕು ಅಂತ ಯಾರೋ ಹೇಳಿದ್ದಾರೆ. ಅದು ನಿಜವಾ?

ಲೆಸ್ಟರ್‌ನಿಂದ

ವಿಮೆಯ ಭಯ ಹಳೆಯ ಕಾಲದ್ದು, ಆದರೆ ಸುಳ್ಳಲ್ಲ. ಬ್ರೆಕ್ಸಿಟ್‌ಗೆ ಮುಂಚಿನ ಯುರೋಪಿಯನ್ ನಿಯಮದಲ್ಲಿ ಕೆಲಸ ಮಾಡುವವರಿಗೆ ವಿಮೆ ಬೇಕಿರಲಿಲ್ಲ. ವಿದ್ಯಾರ್ಥಿಗಳಿಗೆ, ಸ್ವಂತ ದುಡ್ಡಿನಲ್ಲಿ ಇರುವವರಿಗೆ ಬೇಕಿತ್ತು. ಎನ್‌ಎಚ್‌ಎಸ್ ಸಾಲದು ಅಂತ ಇಲ್ಲಿ ಹೇಳುತ್ತಿದ್ದರು. ಮನೆ, ಮಕ್ಕಳು ನೋಡಿಕೊಂಡು ವರ್ಷಗಟ್ಟಲೆ ಇದ್ದ ಎಷ್ಟೋ ಹೆಂಗಸರಿಗೆ ಇದರಿಂದ ಅನ್ಯಾಯವಾಯಿತು. ನನಗೆ ಈಗಲೂ ಬೇಸರ ಇದೆ. 2022ರ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯ ಎನ್‌ಎಚ್‌ಎಸ್‌ಗೆ ಸೇರಿದ್ದರೆ ಅದೇ ಸಾಕು ಎಂದಿತು. ಅದೇ ವರ್ಷ ಜೂನ್ 28ರಿಂದ ಇಲ್ಲಿನ ಕಾನೂನೂ ಬದಲಾಯಿತು. ಸೆಟಲ್ಡ್ ಸ್ಟೇಟಸ್ ಇದ್ದವರ ಹಿಂದಿನ ವಾಸ ಕಾನೂನುಬದ್ಧವೇ ಅಂತ ಸಾಮಾನ್ಯವಾಗಿ ಮತ್ತೆ ಕೆದಕುವುದಿಲ್ಲ. ಹೆದರಬೇಡಿ ಅಂತ ನಿಮ್ಮವರಿಗೆ ಹೇಳಿ.

30 ತಿಂಗಳ ಮಾತೂ ನಿಜ, ಆದರೆ ಅದು ಪೌರತ್ವಕ್ಕಲ್ಲ. 2025ರ ಜುಲೈ 16ರಿಂದ ಪ್ರೀ-ಸೆಟಲ್ಡ್ (ಸೆಟಲ್ಡ್‌ಗೆ ಮುಂಚಿನ ತಾತ್ಕಾಲಿಕ ಅನುಮತಿ) ಇರುವವರು ಕಳೆದ 60 ತಿಂಗಳಲ್ಲಿ ಒಟ್ಟು 30 ತಿಂಗಳು ಇಲ್ಲಿದ್ದರೆ ಸೆಟಲ್ಡ್ ಸಿಗುತ್ತದೆ. ಅಂದರೆ ಎರಡು ವರ್ಷ ಹೊರಗಿದ್ದವರಿಗೂ ಸೆಟಲ್ಡ್ ಬರಬಹುದು, ಆದರೆ ಪೌರತ್ವದ 450 ದಿನ ಹಾಗೇ ಇದೆ. ಸೆಟಲ್ಡ್ ಬಂತಲ್ಲ, ಒಂದು ವರ್ಷ ಬಿಟ್ಟು ಹಾಕಿದರಾಯಿತು ಅಂತ ತಂಗಿಯ ಮನೆಯವರು ಅಂದುಕೊಳ್ಳದಿರಲಿ. 450ರ ಮೇಲೆ 480ರವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. ಅದಕ್ಕೂ ಮೇಲೆ ಹೋದರೆ ಕಾರಣಗಳು ಗಟ್ಟಿ ಇರಬೇಕು.

ಎಡಿನ್‌ಬರೊದಿಂದ

ನಾನು ಮೈಸೂರಿನವನು, ಜರ್ಮನಿಯಲ್ಲಿ ಪೌರತ್ವ ತಗೊಂಡು ಆಮೇಲೆ ಇಲ್ಲಿಗೆ ಬಂದವನು. ಪೋರ್ಚುಗಲ್ ಎರಡು ಪೌರತ್ವ ಒಪ್ಪುತ್ತದೆ, ನಿಮಗೆ ಚಿಂತೆಯಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತೇನೆ. ಜರ್ಮನಿ 2024ರ ಜೂನ್ 27ರಿಂದ ಒಪ್ಪಿತು, ನಾನು ಅದಕ್ಕೇ ಕಾದಿದ್ದೆ. ನೆದರ್‌ಲೆಂಡ್ಸ್‌ನವರು ಬ್ರಿಟಿಷ್ ಆದರೆ ಡಚ್ ಪೌರತ್ವ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಗಂಡ ಅಥವಾ ಹೆಂಡತಿ ಬ್ರಿಟಿಷ್ ಆಗಿದ್ದರೆ ಅದಕ್ಕೆ ವಿನಾಯಿತಿ ಇದೆ. ಆಸ್ಟ್ರಿಯಾದವರು ಮೊದಲೇ ಅನುಮತಿ ಪಡೆಯಬೇಕು. ಅಕ್ಕ, ನಿಮ್ಮದು ಭಾರತದ ಪಾಸ್‌ಪೋರ್ಟ್. ಬ್ರಿಟಿಷ್ ಆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಸರೆಂಡರ್ ಮಾಡಿ ಒಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಬೇಕು. ಅಮ್ಮನ ಕಡೆಗೆ ತುರ್ತಾಗಿ ಹೋಗಬೇಕಾದ ಕಾಲದಲ್ಲಿ ಈ ಕೆಲಸ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಹೌನ್ಸ್ಲೋದಿಂದ

ಕಾಯುವ ತಿಂಗಳುಗಳನ್ನು ಸುಮ್ನೆ ಬಿಡಬೇಡಿ. ಸೆಟಲ್ಡ್ ಸ್ಟೇಟಸ್‌ಗೆ ಯಾವ ಪರೀಕ್ಷೆಯೂ ಇರಲಿಲ್ಲ, ಹಾಗಾಗಿ ಇಬ್ಬರೂ ಈಗ ಲೈಫ್ ಇನ್ ದ ಯುಕೆ (ಈ ದೇಶದ ಇತಿಹಾಸ, ಜೀವನದ ಬಗ್ಗೆ ಪರೀಕ್ಷೆ) ಬರೆಯಬೇಕು. 50 ಪೌಂಡ್, 24 ಪ್ರಶ್ನೆ, 45 ನಿಮಿಷ, 18 ಸರಿ ಬರಬೇಕು. ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಇಲ್ಲ. ಇಂಗ್ಲಿಷ್‌ಗೆ ಬಿ1 (ಮಧ್ಯಮ ಮಟ್ಟದ) ಪರೀಕ್ಷೆ, ಇಲ್ಲವೇ ಇಂಗ್ಲಿಷ್‌ನಲ್ಲಿ ಕಲಿತ ಡಿಗ್ರಿ. ಕರ್ನಾಟಕ ವಿಶ್ವವಿದ್ಯಾಲಯದ ಡಿಗ್ರಿ ಇದ್ದರೆ ವಿದೇಶಿ ಡಿಗ್ರಿ ಪರಿಶೀಲಿಸುವ ಸಂಸ್ಥೆ ಎಕ್ಟಿಸ್‌ನಿಂದ ಪತ್ರ ತರಿಸಿ. ಮೂರು ವರ್ಷದಿಂದ ನಿಮ್ಮನ್ನು ಬಲ್ಲ ಇಬ್ಬರು ರೆಫರಿ (ನಿಮ್ಮ ಗುರುತಿಗೆ ಸಾಕ್ಷಿ ಹೇಳುವವರು) ಬೇಕು. ಅವರನ್ನೂ ಈಗಲೇ ಕೇಳಿಟ್ಟುಕೊಳ್ಳಿ.

ಸಮಾರಂಭ ಆದ ಮೇಲಿನ ವಿಷಯ ಒಂದಿದೆ, ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಬ್ರಿಟಿಷ್ ಆದ ಮೇಲೆ ಸೆಟಲ್ಡ್ ಸ್ಟೇಟಸ್ ಮೇಲೆ ಓಡಾಡುವಂತಿಲ್ಲ. 2026ರ ಫೆಬ್ರವರಿ 25ರಿಂದ ವಿಮಾನ ಹತ್ತುವಾಗಲೇ ಕಟ್ಟುನಿಟ್ಟಾಗಿ ನೋಡುತ್ತಾರೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಒಂದನ್ನೇ ತೋರಿಸಿ ನಿಮ್ಮವರು ಗೋವಾದಿಂದ ವಾಪಸ್ ಬರಲು ಆಗುವುದಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಬ್ರಿಟಿಷ್ ಪಾಸ್‌ಪೋರ್ಟ್‌ಗೆ ಹಾಕಿ, ಅದು ಬರುವವರೆಗೆ ಟಿಕೆಟ್ ಮಾಡಬೇಡಿ.

ಸ್ವಿಂಡನ್‌ನಿಂದ

ನಮ್ಮವರಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಸೆಪ್ಟೆಂಬರ್ ಕೊನೆಯಲ್ಲಿ ಹಾಕುತ್ತಾರೆ. ನಾನು ಅವರ ಸಮಾರಂಭ ಆಗಲಿ ಅಂತ ಕಾಯುತ್ತೇನೆ. ಅಷ್ಟರಲ್ಲಿ ನನ್ನ ಚಳಿಗಾಲದ ದಿನಗಳೂ ಕಳೆದಿರುತ್ತವೆ. ಪರೀಕ್ಷೆಗೆ ಇಬ್ಬರೂ ಇವತ್ತೇ ಬುಕ್ ಮಾಡಿದೆವು.