ಸಹಾಯ ಬೇಕು: ವೇರಿಕೋಸ್ ವೇನ್ಸ್‌ನಲ್ಲಿ ರಕ್ತನಾಳದ ಗೋಡೆ ಬದಲಾಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ದಿನವಿಡೀ ನಿಂತೇ ದುಡಿಯುವ ನಮ್ಮ ಅಕ್ಕನ ಎಡಗಾಲಿನ ಮೀನಖಂಡದಲ್ಲಿ ನೀಲಿ ರಕ್ತನಾಳಗಳು ಹಗ್ಗದಂತೆ ಸುತ್ತಿಕೊಂಡು ಉಬ್ಬಿದ್ದು (ಇದೇ ವೇರಿಕೋಸ್ ವೇನ್ಸ್), ಸಂಜೆ ಹೊತ್ತಿಗೆ ಹರಡಿನ ಬಳಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಅಭಿಧಮನಿಗಳ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ) ಒಳಗಿನ ಕವಾಟಗಳು ಸರಿಯಾಗಿ ಮುಚ್ಚದೆ ರಕ್ತ ಹಿಮ್ಮುಖವಾಗಿ ಹರಿಯುತ್ತಿರುವುದು, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಂಡಿದೆ.

ಆದರೆ ತೊಂದರೆ ಕವಾಟಕ್ಕಷ್ಟೇ ಸೀಮಿತವಲ್ಲ. ಅಭಿಧಮನಿಯ ಗೋಡೆಯಲ್ಲಿರುವ ನಯವಾದ ಸ್ನಾಯುಕೋಶಗಳು ಸಂಕುಚಿಸುವ ಗುಣವನ್ನು ಕಳೆದುಕೊಳ್ಳುತ್ತವೆ, ಗೋಡೆ ಹಿಗ್ಗಿ ಕುಗ್ಗಲು ನೆರವಾಗುವ ಎಲಾಸ್ಟಿನ್ ಎಳೆಗಳು ತುಂಡಾಗುತ್ತವೆ, ಗೋಡೆಗೆ ಗಟ್ಟಿತನ ಕೊಡುವ 1ನೇ ಮತ್ತು 3ನೇ ಬಗೆಯ ಕೊಲಾಜನ್‌ಗಳ ಪ್ರಮಾಣ ಏರುಪೇರಾಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಗೋಡೆ ಮೊದಲು ಸಡಿಲಗೊಂಡು ಕವಾಟದ ಎಸಳುಗಳು ದೂರ ಸರಿಯುತ್ತವೆಯೋ, ಅಥವಾ ಕವಾಟ ಸೋತ ಮೇಲೆ ಹೆಚ್ಚಿದ ಒತ್ತಡವೇ ಗೋಡೆಯನ್ನು ಕೆಡಿಸುತ್ತದೆಯೋ? ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಾಲುಚೀಲ) ಧರಿಸಿದರೆ ಊತ ಇಳಿಯುತ್ತದೆ, ನಿಜ. ಒಮ್ಮೆ ಬದಲಾದ ಗೋಡೆ ಮರಳಿ ಬಿಗಿಯಾಗುವುದು ನನಗಂತೂ ಅನುಮಾನ. ರಕ್ತನಾಳ ತಜ್ಞರು ಯಾರಾದರೂ ಇದ್ದರೆ ದಯವಿಟ್ಟು ವಿವರಿಸಿ.