52ರಲ್ಲಿ ಆನ್‌ಲೈನ್ ಪದವಿ: ಓದಿದ್ದು ಉಳಿಯುತ್ತಿಲ್ಲ

ನನಗೆ 52. ಅರ್ಧಕ್ಕೆ ಬಿಟ್ಟಿದ್ದ ಪದವಿಯನ್ನು ಈಗ ಆನ್‌ಲೈನಿನಲ್ಲಿ ಓದುತ್ತಿದ್ದೇನೆ. ಪಾತ್ರೆ ತೊಳೆದು ಕೂರುವಾಗ ರಾತ್ರಿ ಹತ್ತೂವರೆ. ಸಂಖ್ಯಾಶಾಸ್ತ್ರದ ಒಂದೇ ವಿಡಿಯೋ ಮೂರು ಸಲ ನೋಡಿದೆ. ಆಗ ಎಲ್ಲ ಅರ್ಥವಾಗುತ್ತದೆ, ಬೆಳಗ್ಗೆ ಏನೂ ನೆನಪಿರಲ್ಲ. ವಯಸ್ಸಾಯಿತು ಅಂತಲೇ ಹೀಗಾ?

ಉತ್ತರ 1:
ವಯಸ್ಸೊಂದೇ ಅಲ್ಲ ಅಕ್ಕ. ನಾನು 47ಕ್ಕೆ ಮುಗಿಸಿದೆ. ಸುಮ್ನೆ ಮತ್ತೆ ಮತ್ತೆ ನೋಡಿದರೆ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ನೋಡದೆ ಬರೆಯಿರಿ. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಮಧ್ಯಾಂಕ, ಅಂದರೆ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವುದು, ನನಗೆ ತಲೆಗೆ ಹತ್ತಿದ್ದು ಮನೆಯ ಕರೆಂಟ್ ಬಿಲ್ ಹಿಡಿದು ಕೂತಾಗ. ಒಂದು ತಿಂಗಳು ವಿಪರೀತ ಜಾಸ್ತಿ ಬಂದಿತ್ತು. ಸರಾಸರಿ ಮೇಲಕ್ಕೆ ಹಾರಿತು, ಮಧ್ಯಾಂಕ ಅಲ್ಲಾಡಲಿಲ್ಲ!

ಉತ್ತರ 2:
ಹಳೆಯ ಅಂಕಪಟ್ಟಿ ಇದೆಯಾ? ಪಾಸಾದ ವಿಷಯಗಳ ಕ್ರೆಡಿಟ್ ಸೇರಿಸಿಕೊಳ್ಳುತ್ತಾರಾ ಕೇಳಿ.

ಕೇಳಿದವರು:
ಇದೆ, ನಾಳೆಯೇ ಕೇಳುತ್ತೇನೆ. ಇವತ್ತು ನೋಡದೆ ಬರೆದೆ. ಅರ್ಧ ಪುಟ ಬಂತು.